ಹದಿಮೂರನೆಯ ಪುಟದ ಕೆಮ್ಮು

ಟಿಬಿಲಿಸಿಯ ಗ್ಲದಾನಿ ಬಡಾವಣೆ, ಒಂಬತ್ತನೆಯ ಮಹಡಿ.
ಊರವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಬರುವ ನನಗೆ
ನಮ್ಮ ಲಿಫ್ಟು ನಾಣ್ಯ ನುಂಗಿ ಬಾಯಿ ಬಿಡುವುದಿಲ್ಲ.
ಮೆಟ್ಟಿಲು ಹತ್ತಿ, ಶೂ ಬಿಚ್ಚುವ ಮುಂಚೆಯೇ
ಒಳಗಿನಿಂದ ಅಪ್ಪಣೆಯಾಗುತ್ತದೆ:
'ಕರಡಿ!'

ನಾಲ್ಕು ವರ್ಷದ ಎಲಿಸೊಗೆ ಪುಸ್ತಕಗಳಿಗೇನು ಬರವೇ?
ನಾದಿನಿ ತಂದ ಪೊಲೀಸ್ ಕಾರಿನ ಪುಸ್ತಕವಿದೆ,
ಗುಂಡಿ ಒತ್ತಿದರೆ ಕುಂಯ್ಯೋ ಎನ್ನುವಂಥದ್ದು.
ಅದರ ಬ್ಯಾಟರಿ ತೆಗೆದು ಟಾರ್ಚಿಗೆ ಹಾಕಿಕೊಂಡೆ,
ದೇವರು ಕ್ಷಮಿಸಲಿ.
ಹಲ್ಲುಜ್ಜದ ಮೊಲಕ್ಕೆ ಬುದ್ಧಿ ಬಂದ ಪುಸ್ತಕವಿದೆ.
ಮೊದಲ ಸಾಲಿಗೇ ನೀತಿ ಒದರುವ ಅದು
ಫ್ರಿಜ್ಜಿನ ಹಿಂದೆ ಬಿದ್ದುಹೋಯಿತು.
ಯಾರೂ ಬೀಳಿಸಿದ್ದಲ್ಲ. ತಾನಾಗಿ ಬಿತ್ತು.

ಉಳಿದದ್ದು ಕೊಡೆ ರಿಪೇರಿಯ ಕರಡಿ.
ಸೇತುವೆ ಸಂತೆಯಲ್ಲಿ, ಒಂದು ಸಮೋವಾರು
ಯಾರದೋ ಮೂರು ಪದಕಗಳ ನಡುವೆ
ಚಿಲ್ಲರೆಗೆ ಸಿಕ್ಕಿದ್ದು. ಬೆನ್ನಿಗೆ ಅಂಟುಪಟ್ಟಿ,
ಒಳಗೆ ಪೆನ್ಸಿಲ್ಲಿನಲ್ಲಿ ಯಾವುದೋ ಹುಡುಗನ ಹೆಸರು,
ಅವನಿಗೀಗ ಮೊಮ್ಮಕ್ಕಳಿರಬಹುದು.
ಓದಿ ನೋಡಿ ಒಮ್ಮೆ, ಬಾಯಿಬಿಟ್ಟು:
ಟಪ್ ಎಂದರೆ ಒಂದೇ ಹನಿ, ಟಪಟಪ ಎಂದರೆ ಊರೇ ಓಟ,
ಕರಡಿ ಮಾಮನ ಅಂಗಡಿ ತುಂಬ ಕಡ್ಡಿ ಮುರಿದ ಕೊಡೆಗಳ ಕೂಟ.
ಬರೆದವನಿಗೆ ಮಕ್ಕಳಿದ್ದಿರಬೇಕು, ಇಲ್ಲವೇ ಉಬ್ಬಸ.
ಉಸಿರು ಮುಗಿಯುವಲ್ಲೇ ಸಾಲೂ ಮುಗಿಯುತ್ತದೆ.

ನೂರು ಸಲ? ಹೆಚ್ಚೇ ಇರಬೇಕು.
ನಿದ್ದೆಗಣ್ಣಲ್ಲಿ ಎರಡು ಸಾಲು ಹಾರಿಸಿದೆನೋ,
ಪಕ್ಕೆಗೆ ಮೊಣಕೈ: 'ಮುಳ್ಳುಹಂದಿಯ ಕೊಡೆ ಎಲ್ಲಿ?'
ಸಿಕ್ಕಿಬಿದ್ದ ಕಳ್ಳನಂತೆ ಹಿಂದೆ ಹೋಗಿ
ಮುಳ್ಳುಹಂದಿಗೆ ಅದರ ತೂತು ಕೊಡೆ ಕೊಟ್ಟು ಬರುತ್ತೇನೆ.

ಮುಳ್ಳುಹಂದಿಗೆ ಕರೆಂಟ್ ಬಿಲ್ಲಿನ ಬೆಸೊನ ದನಿ ಕೊಟ್ಟೆ,
ಬಸವನಹುಳುವಿಗೆ ನೆಗಡಿಯ ಮೂಗು.
ಕರಡಿಗೆ ಮಾತ್ರ ನಾನು ಹುಡುಕಲೇ ಇಲ್ಲ.
ಮೊದಲ ರಾತ್ರಿಯೇ ಬಂದು ಕೂತಿತ್ತು ಗಂಟಲಲ್ಲಿ,
ನನ್ನಪ್ಪ ಶಾಲ್ವಾನ ದನಿ.
ಮೂವತ್ತು ವರ್ಷ ಟ್ರಾಲಿಬಸ್ಸು ಓಡಿಸಿ
ಒಂದೊಂದು ಪದಕ್ಕೂ ಸ್ಟಾಪು ಕೊಡುವ ದನಿ.
ಹದಿಮೂರನೆಯ ಪುಟದಲ್ಲಿ
'ಕೊಡೆ ಸರಿಹೋಯಿತು, ಮಳೆ ಎಲ್ಲಿ?' ಎನ್ನುವ ಮುಂಚೆ
ಎರಡು ಸಣ್ಣ ಕೆಮ್ಮು, ಒಂದು ದೊಡ್ಡದು.
ಪುಸ್ತಕದಲ್ಲಿ ಕೆಮ್ಮಿಲ್ಲ.

ನನಗವನು ಒಂದು ಕತೆಯನ್ನೂ ಓದಿದವನಲ್ಲ.
ಡ್ಯೂಟಿ ಮುಗಿಸಿ ಬಂದು, ರೊಟ್ಟಿ ಚೀಸು ತಿಂದು
ಗೋಡೆ ನೋಡುತ್ತ ಕೂರುತ್ತಿದ್ದ.
ಎಲಿಸೊ ಹುಟ್ಟುವ ಮೂರು ವರ್ಷ ಮುಂಚೆ ಹೋದ.
ಈಗ ದಿನಾ ಎಂಟೂವರೆಗೆ ತಪ್ಪದೆ ಬಂದು ಓದುತ್ತಾನೆ,
ನಾನು ಬಾಯಿ ಸಾಲ ಕೊಟ್ಟಿದ್ದೇನೆ, ಅಷ್ಟೆ.
ಕೆಲವು ರಾತ್ರಿ ಏಳನೆಯ ಪುಟಕ್ಕೇ ಮಗಳಿಗೆ ನಿದ್ದೆ.
ನಾನು ಮುಗಿಸಿಯೇ ಏಳುವುದು.
'ಯಾರಿಗೆ ಓದುತ್ತಿದ್ದೀಯ?' ಎಂದಳು ಇರ್ಮಾ ಒಮ್ಮೆ,
ಬಾಗಿಲಿಗೆ ಒರಗಿ, ಕೈಯಲ್ಲಿ ಒದ್ದೆ ತಟ್ಟೆ.
ಪುಟ ಮಗುಚಿದೆ.

ಹೋದ ವಾರ ರುಸ್ತಾವಿಯ ಆಸ್ಪತ್ರೆಯಲ್ಲಿ
ಎರಡು ಮಹಡಿಗಳ ನಡುವೆ ಲಿಫ್ಟು ಸಿಕ್ಕಿಕೊಂಡು
ರಾತ್ರಿಯಿಡೀ ಅಲ್ಲೇ ಉಳಿದೆ.
ಇರ್ಮಾ ಓದಿದಳಂತೆ, ಚೆನ್ನಾಗಿ, ಒಂದಕ್ಷರ ಬಿಡದೆ.
ಬೆಳಿಗ್ಗೆ ನನ್ನ ಪ್ಯಾಂಟು ಹಿಡಿದು ಮಗಳ ದೂರು:
'ಅಮ್ಮ ಓದಿದಳು.
ಕರಡಿ ಬರಲೇ ಇಲ್ಲ.'

ಇವತ್ತು ಭಾನುವಾರ.
ಅಡುಗೆಮನೆಯ ನಲ್ಲಿ ಬಿಚ್ಚಿಕೊಂಡು ಕೂತಿದ್ದೆ.
ಅಕ್ಷರ ಬಾರದ ಎಲಿಸೊ ಒಳಗೆ
ಪುಸ್ತಕ ತಲೆಕೆಳಗೆ ಹಿಡಿದು
ಒಂದು ಕಾಲು ಮುರಿದ ಪ್ಲಾಸ್ಟಿಕ್ ಕುದುರೆಗೆ ಓದುತ್ತಿದ್ದಳು.
ಟಪ್. ಟಪಟಪ. ಮುಳ್ಳುಹಂದಿ ಬಂತು, ಬೈಯಿತು, ಹೋಯಿತು.
ಬಸವನಹುಳು ಇನ್ನೂ ಬರುತ್ತಲೇ ಇತ್ತು.
ಸ್ಪ್ಯಾನರ್ ಕೆಳಗಿಟ್ಟೆ.

ಹಾಳೆ ಮಗುಚಿದ ಸದ್ದು. ತಡೆದಳು.
ಎರಡು ಸಣ್ಣ ಕೆಮ್ಮು,
ಒಂದು ದೊಡ್ಡದು.
'ಕೊಡೆ ಸರಿಹೋಯಿತು,' ಎಂದಳು ಕುದುರೆಗೆ,
ಪದಕ್ಕೊಂದು ಸ್ಟಾಪು ಕೊಡುತ್ತ,
'ಮಳೆ ಎಲ್ಲಿ?'