ಅಲ್ಲಾಡಬ್ಯಾಡ್ರಿ

ವಾರದಾಗ ಆರು ದಿನ ನಾ ಎಲುಬಿನ ಫೋಟೋ ತೆಗೀತೀನಿ,
ಬೀದರ ದೊಡ್ಡ ದವಾಖಾನಿಯ ಕಿಟಕಿ ಇಲ್ಲದ ಖೋಲಿಯಾಗ.
ಎದಿ ಒತ್ತಿ ನಿಂದರ್ರಿ. ಗದ್ದ ಮ್ಯಾಲ. ಉಸಿರು ಹಿಡೀರಿ.
ಅಲ್ಲಾಡಬ್ಯಾಡ್ರಿ.
ಹಾಂ, ಬಿಡ್ರಿ.
ಗ್ವಾಡಿ ಹಿಂದ ನಿಂತು ಗುಂಡಿ ಒತ್ತೋದು, ಅಷ್ಟ ನನ್ನ ಕೆಲಸ.
ಹ್ಯಾಂಗ ಬಂದದ್ರಿ? ಎಲ್ಲಾರೂ ಕೇಳ್ತಾರ.
ಡಾಕ್ಟರ್ ಹೇಳ್ತಾರ, ಅಂತೀನಿ.
ಹದಿನೇಳು ವರ್ಷ ಆತು, ಅದೊಂದ ಜವಾಬು.

ಐತವಾರ ಬ್ಯಾರೆ ಡಬ್ಬಿ.
ಹುಮನಾಬಾದದ ಲಗ್ನದ ಫೋಟೋದವ ಅಂಗಡಿ ಮುಚ್ಚುವಾಗ
ಏಳು ಸಾವಿರಕ್ಕ ಕೊಟ್ಟದ್ದು,
ಕೊರಳ ಪಟ್ಟಿಗಿ ಇನ್ನಾ ಯಾರ್ಯಾರದೋ ಅರಿಷಿಣ.

ಆರಕ್ಕ ಚೌಬಾರ ಬಿಡ್ತೀನಿ.
ಮದರಸಾದ ಮಿನಾರಿಗಿ ಬಿಸಿಲು ಹತ್ತೂದ್ರಾಗ
ಹೈದರಾಬಾದಿನಿಂದ ಬಂದ ಹುಡುಗರು ಸಾಲಾಗಿ ನಿಂತಿರ್ತಾರ,
ಎಲ್ಲಾರ ಕತ್ತೂ ಮ್ಯಾಲ.
ನನಗ ಬುಡದಾಗ ಮಲಗಿದ ನಾಯಿ ಸಾಕು.
ಕಬ್ಬಿಣದ ಬೇಲಿ ಅದರ ಹೊಟ್ಟಿ ಮ್ಯಾಲ ನೆರಳು ಕೆಡವ್ಯದ.
ಯಾವ ಗೆರಿ ಬೇಲಿದು, ಯಾವುದು ಪಕ್ಕೆಲುಬು,
ನಾ ಸುದ್ದಾ ಹೇಳಲಾರೆ.

ಸೀತಾಫಲದ ಬುಟ್ಟಿ ಮುಂದ ಚಂಪಾಬಾಯಿ.
ಹೋದ ಸಲದ ಪ್ರಿಂಟ್ ಕೊಟ್ಟೆ.
ದೂರ ಹಿಡಿದಳು, ಹತ್ರ ಹಿಡಿದಳು.
"ಹಣ್ಣು ಛಂದ ಬಂದಾವ. ಬಗಲಾಗಿನ ಮುದುಕಿ ಯಾರವ್ವ?"
ಎರಡು ಹಣ್ಣು ಚೀಲಕ್ಕ ಹಾಕಿದಳು, ರೊಕ್ಕ ಬ್ಯಾಡಂದಳು.
ಇಲ್ಲ, ಖರೇ ಹೇಳಬೇಕಂದ್ರ ತಗೊಂಡಳು. ಐದು ಕಮ್ಮಿ.

ಒಮ್ಮೊಮ್ಮೆ ಅಂಚಿ ಆಫೀಸಿನ ವೀರಶೆಟ್ಟಿ ಜೋಡಿ ಬರ್ತಾನ.
ಅವ ಬಾಗಿಲ ಬಿಟ್ಟು ಏನೂ ತೆಗಿಯಂಗಿಲ್ಲ.
ನೌಬಾದದ ಸುರಂಗ ಬಾವಿಗಿ ಕರಕೊಂಡು ಹೋದೆ,
ಬಾಗಿಲಿಲ್ಲ ಅಂತ ಹೊರಗ ಕುಂತ.

ಇವತ್ತು ಒಬ್ಬಾಕಿನ, ಬಿದರಿ ಕೆಲಸದ ಓಣಿಯಾಗ.
ಮೊಯಿನೋದ್ದೀನ್ ಉಸ್ತಾದ ಹೂಜಿಯ ಮೈಯಾಗ
ಬೆಳ್ಳಿ ತಂತಿ ಕೂಡಿಸಲತ್ತಿದ್ದ.
ಪಕ್ಕದ ಚಟಗಿಯಾಗ ಕಿಲ್ಲಾದ ಮಣ್ಣು.
ಚಿಟಿಕಿ ಎತ್ತಿ ನಾಲಿಗಿಗಿ ಇಟ್ಟು, ಹಾಂ, ಇದ ಅಂದ.
"ಬಿಸಿಲು ಕಂಡಿರಬಾರದು, ಮಳಿ ಕಂಡಿರಬಾರದು.
ಆಗ ಕರಿ ಬಣ್ಣ ಹಿಡೀತದ, ಬೆಳ್ಳಿ ಎದ್ದು ಕಾಣ್ತದ."
ನಮ್ಮ ಖೋಲಿ ಸುದ್ದಾ ಹಂಗ ಅದ, ಅಂದೆ.
ಅವಗ ತಿಳೀಲಿಲ್ಲ.

ಕ್ಯಾಮೆರಾ ಕಣ್ಣಿಗಿ ಹಚ್ಚಿದಾಗ ನನಗ ತಿಳೀತು.
ಈ ಮುಖ ನೋಡಿಲ್ಲ. ಈ ಎದಿ ನೋಡೀನಿ.
ಎಡಗಡೆ ಹೆಗಲು ಒಂದು ಬೆರಳು ಕೆಳಗ,
ಎಂದೋ ಮುರಿದು ಸೊಟ್ಟಗ ಕೂಡಿದ ಎಲುಬು.
ಗುರುವಾರದ ನಲವತ್ತನೇ ಚೀಟಿ.
ಬಲಗಡೆ ಏನಿತ್ತು ಅನ್ನೋದು ನಾ ಹೇಳಂಗಿಲ್ಲ,
ಇಲ್ಲೂ.

ಬಾಯಿಗಿ ಬಂದದ್ದು ರೂಢಿಯ ಮಾತು: ಉಸಿರು ಹಿಡೀರಿ.
ಹಿಡಿದ.
ಕೈಯಾಗ ಹತೋಡಿ, ಮಸಿ ಹತ್ತಿದ ಉಗುರು,
ಉಸ್ತಾದ ತಡೀಲಿಕ್ಕೆ ನೋಡಿದ, ಆಗಲಿಲ್ಲ, ಕೆಮ್ಮಿದ.
ಅದ ಹೊತ್ತಿಗಿ ನನ್ನ ಬೆರಳು.

"ಹ್ಯಾಂಗ ಬಂದದ್ರಿ?"

ಓಣಿ ತುಂಬ ಠಕ್ ಠಕ್. ಡಾಕ್ಟರ್ ಯಾರೂ ಇಲ್ಲ.
ಅಲ್ಲಾಡ್ಯದ್ರಿ, ಅಂದೆ, ಪರದಿ ಅವನ ಕಡಿ ತಿರುವಿದೆ.
ಮುಖ ಇರೋ ಕಡಿ ಒಂದು ಬೆಳ್ಳನ ಎಳತ,
ಹೂಜಿ ಮಾತ್ರ ಕಲ್ಲಿನಂಗ ನಿಂತದ.
ಉಸ್ತಾದ ನಕ್ಕ.
"ಜೀವ ಅದಲ್ರಿ, ಅಲ್ಲಾಡ್ತದ. ಇನ್ನೊಂದು ತೆಗಿತೀರೇನು?"
ತೆಗಿದೆ. ಮೂರು. ಎಲ್ಲಾ ನಿಚ್ಚಳ.
ನಾಳೆ ದವಾಖಾನಿಗಿ ಬರ್ರಿ, ಬಿಡಬ್ಯಾಡ್ರಿ, ಅಂದೆ.
"ನಿಮಗ ಹ್ಯಾಂಗ ಗೊತ್ತು?"
ಪಟ್ಟಿ ಕೊರಳಿಗಿ ಹಾಕ್ಕೊಂಡೆ, ಅರಿಷಿಣ ಬೆವರಿಗಿ ಹತ್ತಿತು.

ರಾತ್ರಿ ಕಾರ್ಡಿನಾಗ ನಲವತ್ತೊಂದು ಫೋಟೋ.
ಮೂವತ್ತು ಅಳಿಸಿದೆ. ನಿಚ್ಚಳ ಇದ್ದ ಮೂರರಾಗ ಎರಡು ಹೋದವು.
ಅಲ್ಲಾಡಿದ್ದು ಅದ.

ಸೋಮವಾರ ಮೊದಲನೇ ಚೀಟಿ: ಐದು ವರ್ಷದ ಹುಡುಗ,
ರೊಕ್ಕ ನುಂಗ್ಯಾನ.
ಗಂಟಲ ಕೆಳಗ ಗುಂಡಗ, ಹುಣ್ಣಿವಿ ಚಂದ್ರಾಮನಂಗ.
ಹ್ಯಾಂಗ ಬಂದದ್ರಿ, ಅಂತ ಅವರವ್ವ.
ಛಂದ ಬಂದದ, ಅಂದುಬಿಟ್ಟೆ.
ಒಂದು ರೂಪಾಯಿನೋ ಎರಡೋ, ಅಂತ ಆಕಿ ಬಗ್ಗಿ ನೋಡಿದಳು.
ಹೊರಗ ಬೆಂಚಿನ ಮ್ಯಾಲ ಯಾರೋ ಕೆಮ್ಮಿದರು.
ನಾ ಬಾಗಿಲ ಕಡಿ ಹೊರಳಿದೆ.