ಮೇಲೆ ಬರೂ ಹೊತ್ತು

ಹುಬ್ಬಳ್ಳಿ ಕಾಲೇಜಿನ ಮೊದಲ ದಿನ ನಮ್ಮ ಸರ್
ಕಿಟಕಿಯಾಚೆಯ ಗುಡ್ಡ ತೋರಿಸಿ ಅಂದರು:
ಇದರ ಬುಡಕ್ಕ ಏನೂ ಇಲ್ಲ.
ಈ ಕಲ್ಲು ಹುಟ್ಟಿದಾಗ
ಸಾಯಲಿಕ್ಕೆ ಒಂದು ಮೀನೂ ಇರಲಿಲ್ಲ.
ಸತ್ತವರಿಲ್ಲದೆ ಎಣ್ಣೆ ಇಲ್ಲ, ಬರಕೊಳ್ರಿ.
ಹನ್ನೊಂದು ಮಂದಿ ಬರೆದುಕೊಂಡೆವು,
ಎಣ್ಣೆ ಓದಲು ಎಣ್ಣೆಯಿಲ್ಲದ ನೆಲಕ್ಕೆ ಬಂದವರು.

ನರೇಗಲ್ಲಿನ ಮನೆಯಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ.
ಗಾಣಿಗೇರ ಹುಡುಗಿ ಮತ್ತೇನು ಓದಬೇಕು?
ಚಿಗವ್ವ ಕೇಳಿದಳು,
"ಮುಗದ ಮ್ಯಾಲ ಪೆಟ್ರೋಲ್ ಬಂಕ್ ಹಾಕ್ತೀಯೇನ?
ರೋಣದ ರಸ್ತಾಕ ಹಾಕಬೇ, ಗದಗಿನ ಕಡೆ ಆಗಲೇ ಮೂರ ಅದಾವ."
ಅಜ್ಜ ಗುದ್ಲೆಪ್ಪ ಏನೂ ಕೇಳಲಿಲ್ಲ.
ಗಾಣ ನಿಂತು ಇಪ್ಪತ್ತು ವರ್ಷ;
ಅದರ ಒರಳಿನಲ್ಲಿ ಅವ್ವ ಕೊತ್ತಂಬರಿ ಬೆಳೆಯುತ್ತಾಳೆ.
ಆದರೂ ಸಂತೆಯಲ್ಲಿ ಕುಸುಬಿ ಕಂಡರೆ ಅವನ ಕೈ ಚೀಲಕ್ಕೆ ಹೋಗುತ್ತದೆ,
ಒಂದು ಕಾಳು ಹಲ್ಲಿನ ನಡುವೆ, ಕಟ್,
ಕಣ್ಣು ಮುಚ್ಚಿ:
"ಮಣಕ್ಕ ಎಂಟ ಸೇರು ಬಿದ್ದರ ಪುಣ್ಯ."

ನಾಲ್ಕು ವರ್ಷದಲ್ಲಿ ನಾನು ನಂಬಲು ಕಲಿತದ್ದು ಇಷ್ಟು:
ನೆಲದಡಿ ಎಣ್ಣೆಯ ಕೆರೆ ಇಲ್ಲ.
ಇರುವುದು ಕಲ್ಲು, ಕಲ್ಲಿನಲ್ಲಿ ಕಣ್ಣಿಗೆ ಕಾಣದ ತೂತು,
ತೂತಿನಲ್ಲಿ ಹಿಂಡಿಯೊಳಗಿನ ಜಿಡ್ಡಿನ ಹಾಗೆ ಅಂಟಿಕೊಂಡದ್ದು.
ಎಷ್ಟು ಎಳೆದರೂ ಅರ್ಧಕ್ಕಿಂತ ಹೆಚ್ಚು ಅಲ್ಲೇ ಉಳಿಯುತ್ತದೆ.
ಇದನ್ನು ಹೇಳಿದಾಗ ಅಜ್ಜ ನಕ್ಕ.
"ಹಿಂಡಿ ಉಳೀಬೇಕವಾ.
ಎಲ್ಲಾ ಹಿಂಡಿಕೊಂಡ್ರ ಎತ್ತು ಏನ ತಿನ್ನಬೇಕ?"

ಕೊನೆಯ ವರ್ಷ ಎಣ್ಣೆಯ ದರ ಬಿತ್ತು.
ಬರಬೇಕಿದ್ದ ಕಂಪನಿಗಳು ಪತ್ರ ಬರೆದವು, ಬರಲಿಲ್ಲ.
ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಂಜೆಯವರೆಗೆ ಕೂತಿದ್ದ ಮೌಲಾಲಿ ನದಾಫ
ಈಗ ಮುಂಡರಗಿಯ ಬ್ಯಾಂಕಿನಲ್ಲಿ ಸಾಲಕ್ಕೆ ಬಂದ ಬಂಗಾರ ತೂಗುತ್ತಾನೆ.
ವಿನುತಾ ಗ್ಯಾಸ್ ಪೈಪಿನ ಕಂಪನಿ ಸೇರಿ
ಧಾರವಾಡದ ಓಣಿ ಓಣಿ ಅಗೆಸಿ ಬೈಸಿಕೊಳ್ಳುತ್ತಾಳೆ.
ಕ್ಲಾಸಿಗೇ ಮೊದಲಿಗನಾದ ಸಿದ್ಲಿಂಗ ಗಾಳಿಯಂತ್ರಗಳ ಕಡೆ ಹೋದ:
"ತೆಳಗ ಹುಡುಕೂದು ಸಾಕಾತು, ಮ್ಯಾಲ ನೋಡೂಣು."

ನಾನು ಬಾಡ್ಮೇರಿನ ಮರಳಿಗೆ.
ಡಬ್ಬಿಯಂಥ ಕೋಣೆ, ಒಂದು ಜರಡಿ, ಒಂದು ನೇರಳೆ ದೀಪ,
ಇಪ್ಪತ್ತೆಂಟು ದಿನ ಕೆಲಸ, ಇಪ್ಪತ್ತೆಂಟು ದಿನ ಮನೆ.
ಬೈರಿಗೆ ಕಡಿದ ಕಲ್ಲಿನ ನುಚ್ಚು ಕೆಸರಿನ ಜೊತೆ ಮೇಲೆ ಬರುತ್ತದೆ.
ತೊಳೆದು ದೀಪಕ್ಕೆ ಹಿಡಿದರೆ
ಎಣ್ಣೆ ಕುಡಿದ ಕಣ ಹಳದಿಯಾಗಿ ಹೊಳೆಯುತ್ತದೆ,
ನಮ್ಮ ಎರಿಹೊಲದ ಕುಸುಬಿ ಹೂವಿನ ಹಳದಿ.
ಒಂದು ರಾತ್ರಿ, ಪಾಳಿಯಲ್ಲಿ ಒಬ್ಬಳೇ ಇದ್ದಾಗ,
ಒಂದು ಚೂರು ಹಲ್ಲಿನ ನಡುವೆ ಇಟ್ಟು ಕಡಿದೆ.
ಕಣ್ಣು ತಾನಾಗಿ ಮುಚ್ಚಿತು.

ಒಂದು ಮಾತು ನೆನಪಿಡಬೇಕು ಅಲ್ಲಿ:
ಈಗ ಕೈಗೆ ಬಂದ ಚೂರು ಈಗ ಕಡಿದದ್ದಲ್ಲ.
ಎರಡು ಸಾವಿರ ಮೀಟರ್ ಏರಿ ಬರಲು ಅದಕ್ಕೆ ಒಂದು ತಾಸು ಹತ್ತು ನಿಮಿಷ.
ಆ ಹೊತ್ತು ಕಳೆಯದೆ ಲೆಕ್ಕ ಬರೆದರೆ
ಆಳ ತಪ್ಪುತ್ತದೆ.

ಈ ಸಲ ರಜೆಗೆ ಬಂದಾಗ ಅಜ್ಜನ ಅಂಗೈಗೆ ಒಂದು ಚಿಟಿಕೆ ಮರಳುಗಲ್ಲು ಹಾಕಿದೆ.
ಮೂಸಿದ. ಇದ್ದ ಮೂರು ಹಲ್ಲನ್ನು ನೆನೆದು ಬಾಯಿಗೆ ಹಾಕಲಿಲ್ಲ.
ಆಮೇಲೆ, ಏಳು ವರ್ಷದ ಹಿಂದೆ ಕೇಳದೆ ಬಿಟ್ಟದ್ದನ್ನು ಕೇಳಿದ:
"ಮುಗೀತೈತೇನವಾ, ಇದು?"

"ಗಾಣ ನಿಂತಾಗ
ಕುಸುಬಿ ಮುಗದಿತ್ತೇನ ಅಜ್ಜಾ?"

ಅವನು ಹೊರಗೆ ನೋಡಿದ.
ಹೊಲದಾಚೆ ಮೂರು ಬಿಳಿ ರೆಕ್ಕೆ
ಎತ್ತಿಲ್ಲದೆ ಸುತ್ತುತ್ತಿದ್ದವು.
ನಾನು ಗಡಿಯಾರ ನೋಡಿಕೊಂಡೆ.