ಪ್ರಶ್ನೆ ಮೂವತ್ತೇಳು

ನವನಗರದ ಯಾವ ಸೆಕ್ಟರ್ ಎಂದು ಬರೆಯುವುದಿಲ್ಲ,
ಅಷ್ಟಾದರೂ ಗುಟ್ಟು ಉಳಿಯಲಿ.
ಹೊಸ ಬಾಗಲಕೋಟೆಯ ನೇರ ರಸ್ತೆ,
ಮೊಣಕಾಲೆತ್ತರದ ಬೇವಿನ ಸಸಿ, ಅದರ ನೆರಳೂ ಮೊಣಕಾಲಷ್ಟೇ.
ನನ್ನ ಬಗಲಲ್ಲಿ ಎಂಬತ್ತು ಝೆರಾಕ್ಸ್ ಪ್ರಶ್ನಾವಳಿ,
ಇಂಗ್ಲಿಷಿನಿಂದ ನಾನೇ ಇಳಿಸಿದ ಕನ್ನಡ:
ಸದಾ, ಆಗಾಗ, ವಿರಳವಾಗಿ, ಎಂದೂ ಇಲ್ಲ.
ಒಂದಕ್ಕೆ ಗುರುತು ಹಾಕಿರಿ.

ಗುರುತು ಹಾಕಲು ಬಾರದವರು ಹೆಬ್ಬೆಟ್ಟು ಒತ್ತಿದರು
ಒಪ್ಪಿಗೆ ಪತ್ರದ ಕೊನೆಗೆ. ಅದರ ಐದನೆಯ ಸಾಲು:
ಈ ಅಧ್ಯಯನದಿಂದ ತಮಗೆ ಯಾವುದೇ ಅಪಾಯವಿಲ್ಲ.
ಓದಿ ಹೇಳಿದೆ. ಜೋರಾಗಿಯೇ ಓದಿದೆ.
ಆಕೆ ಸೆರಗಿಗೆ ಮಸಿ ಒರೆಸಿಕೊಂಡು
"ರೇಶನ್ ಕಾರ್ಡಿಂದೇನವ್ವಾ?" ಅಂದಳು.
ಅಲ್ಲ ಅಂದೆ.
"ಪರಿಹಾರದ್ದು?"
ಅಲ್ಲ ಅಂದೆ, ತುಸು ತಡೆದು.
ಆ ತಡೆದದ್ದನ್ನು ಯಾವ ಪುಟದಲ್ಲೂ ಬರೆದಿಲ್ಲ.

ಹೆಸರು ಹುಚ್ಚವ್ವ.
ಇಟಗಿ ಸರ್ ನಕ್ಕಿದ್ದರು,
ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದ ಹೆಸರು ಎಂದು.
ನಾನೂ ನಕ್ಕೆ. ಸರ್ ನಕ್ಕರೆ ನಾವೆಲ್ಲ ನಗುತ್ತಿದ್ದೆವು,
ಅದಕ್ಕೂ ಒಂದು ಪಾಠವಿತ್ತು ಸಿಲೆಬಸ್ಸಿನಲ್ಲಿ,
ನಾಲ್ಕನೆಯ ಘಟಕ, ಎಂಟು ಅಂಕ.

ಮುಳುಗಿದ ಮನೆ ತಮ್ಮ ಕನಸಿನಲ್ಲಿ ಬರುತ್ತದೆಯೆ?

"ಇಲ್ಲವ್ವಾ. ಬಿದ್ದರ ನಿದ್ದಿ, ಎದ್ದರ ರೊಟ್ಟಿ."
ನನ್ನ ಪೆನ್ನು ಕಾಗದದ ಮೇಲೆ ನಿಂತಿತು.
ಮೂವತ್ತೆಂಟಕ್ಕೆ ಹೋಗಲಿಲ್ಲ ನಾನು.
ಹ್ಞಾಂ ಅಂದೆ. ಹೂಂ ಅಂದೆ.
"ನೆನಪು ಮಾಡಿಕೊಳ್ರಿ" ಅಂದೆ.
ಮೂವತ್ತು ವರ್ಷ ಸಂತೆಯಲ್ಲಿ ಉಳ್ಳಾಗಡ್ಡಿ ತೂಗಿದವಳು,
ಗಿರಾಕಿಯ ಮುಖ ಓದಲು ಅವಳಿಗೆ ಪ್ರಶ್ನಾವಳಿ ಬೇಕೆ?
"ಬೀಳಬೇಕಾಗಿತ್ತೇನು, ಕನಸ?" ಅಂದಳು ಮೆಲ್ಲಗೆ.
"ಬಿಸಿಲಾಗ ಬಂದೀಯವ್ವಾ. ಬರಕೋ. ದಿನಾ ಬೀಳತೈತಿ."

ಸದಾ. ಗುರುತು ಹಾಕಿದೆ.

ಎಂಬತ್ತರಲ್ಲಿ ಐವತ್ತೆಂಟು ಸದಾ.
ಸರ್ ಬೆನ್ನು ತಟ್ಟಿದರು, ಕೋಷ್ಟಕ ತುಂಬಿ ಬಂತು,
ಧಾರವಾಡದಲ್ಲಿ ಪ್ರಬಂಧ ಓದಿದೆ, ಚಪ್ಪಾಳೆ.
ಅದರಿಂದಲೇ ಈ ನೌಕರಿ, ತಲೆಯ ಮೇಲೆ ಈ ಫ್ಯಾನು.
ಹುಚ್ಚವ್ವ 'ವ್ಯಕ್ತಿ ನಲವತ್ತೊಂದು' ಆದಳು.
"ಬುಕ್ಕಿನ್ಯಾಗ ನನ್ನ ಹೆಸರ ಬರತೈತೇನು?" ಎಂದು ಕೇಳಿದ್ದಳು,
ಬರುವುದಿಲ್ಲ, ನಿಯಮ, ಅಂದಿದ್ದೆ, ಹೆಮ್ಮೆಯಿಂದ.
ಇಲ್ಲಿ ನಿಯಮ ಮುರಿದು ಬರೆದಿದ್ದೇನೆ.
ಯಾರಿಗಾಗಿ ಎಂದು ಕೇಳಬೇಡಿ.

ಎರಡು ವರ್ಷಕ್ಕೆ ಸಿಕ್ಕಳು, ಹಳೇ ಊರಿನ
ಮುಳುಗದೆ ಉಳಿದ ಓಣಿಯಲ್ಲಿ, ಖಣದ ಅಂಗಡಿ ಎದುರು.
ಕೈ ಹಿಡಿದಳು. ಬೈಯಲಿಲ್ಲ.
"ನೀ ಕೇಳಿ ಹೋದ ಮ್ಯಾಲ ಬೀಳಾಕ ಹತ್ತೈತಿ ನೋಡವ್ವಾ.
ಎದಿ ಮಟ ನೀರು. ದೀಪದ ಮಾಡಾ ಹುಡಕತೇನಿ,
ಕೈಗೆ ಮೀನ ಹತ್ತತಾವ.
ಈಗ ಖರೇ ಆತಲ್ಲ, ನೀ ಬರಕೊಂಡದ್ದು?"
ಹಳೆಯ ಸಾಲವೊಂದು ತೀರಿತು ಎಂಬಂತೆ ನಕ್ಕು
ಮಗಳ ಕುಪ್ಪಸಕ್ಕೆ ದರ ಕೇಳಲು ಒಳಗೆ ಹೋದಳು.
ನಾನು ಬಸ್ಸಿಗೆ ಹೊತ್ತಾಯಿತು ಎಂದುಕೊಂಡೆ.
ಬಸ್ಸು ಹತ್ತು ನಿಮಿಷಕ್ಕೊಂದು ಇದ್ದವು.

ಇವತ್ತು ಮೊದಲ ಸೆಮಿಸ್ಟರ್, ಸಂಶೋಧನೆಯ ನೀತಿ.
ಇದನ್ನೇ ಹೇಳಿದೆ,
"ಒಬ್ಬ ಸಂಶೋಧಕಿ ಇದ್ದಳು" ಎಂದು ಶುರುಮಾಡಿ,
ಕಾಗಕ್ಕ ಗುಬ್ಬಕ್ಕನ ಕತೆಯ ಹಾಗೆ.
"ಆಕೆ ಮಾಡಿದ್ದು ತಪ್ಪಲ್ಲವೆ?"
ನಲವತ್ತೆರಡು ತಲೆ ಒಟ್ಟಿಗೆ ಆಡಿದವು,
ನಾನು ಬಯಸಿದಷ್ಟೇ, ಬಯಸಿದ ಕಡೆಗೇ.
ಕೆಲವರು ನಾ ಕೇಳಿ ಮುಗಿಸುವ ಮುಂಚೆಯೇ.

ಕಡೇ ಬೆಂಚಿನ ಮೆಹಜಬೀನ ನದಾಫ ಮಾತ್ರ
ಬರೆಯುತ್ತಿದ್ದ ಕೈ ನಿಲ್ಲಿಸಿ ಎದ್ದಳು:
"ಮೇಡಂ, ಆ ಸಂಶೋಧಕಿ ತಿರುಗಿ ಹೋಗಿ
ಆಕಿಗೆ ಹೇಳಿದ್ಲೇನ್ರಿ?"

ಗಡಿಯಾರ ನೋಡಿದೆ.
ಗಂಟೆ ಹೊಡೆಯಲು ಇನ್ನೂ ಒಂಬತ್ತು ನಿಮಿಷ ಇತ್ತು.